ಸಾಹೇಬರು ಊರಲ್ಲಿಲ್ಲ

ಕೋರ್ಟಿನ ಸಮನ್ಸ್ ಮನೆಮನೆಗೆ ತಲುಪಿಸುವ ಕೆಲಸದಲ್ಲಿ ಅವರು ಇಪ್ಪತ್ತೆಂಟು ವರ್ಷ ಸವೆಸಿದ್ದರು. ಎಲ್ಲರ ಬಾಯಲ್ಲೂ ‘ಸಮನ್ಸಣ್ಣ’. ಅವರ ಸೈಕಲ್ ಕಂಡರೆ ಸಾಕು, ಏನೂ ತಪ್ಪು ಮಾಡದವರೂ ಒಮ್ಮೆ ಒಳಗೆ ಹೋಗಿ ಬರುತ್ತಿದ್ದರು. ಬೈಗುಳ ತಿಂದಿದ್ದರು, ನಾಯಿಯಿಂದ ಕಚ್ಚಿಸಿಕೊಂಡಿದ್ದರು. ನಿಜವಾಗಿ ಹೆದರಿದ್ದು ಮಾತ್ರ ಒಂದೇ ಸಲ.

ಅದು ಮಾಜಿ ಮಂತ್ರಿಯೊಬ್ಬರ ಹೆಸರಿನ ಸಮನ್ಸ್. ಆಸ್ಪತ್ರೆಗಳ ಔಷಧಿ ಖರೀದಿಯಲ್ಲಿ ಹಣ ನುಂಗಿ ನೀರು ಕುಡಿದರೆಂದು ಕುರ್ಚಿ ಕಳೆದುಕೊಂಡವರು. ಎರಡು ಸಲ ಹೋದಾಗಲೂ ಗೇಟಿನವನದು ಅದೇ ಪಾಠ: “ಸಾಹೇಬ್ರು ಊರಲ್ಲಿಲ್ಲ.”

ಮೂರನೆಯ ಸಲ ಗೇಟು ಅರ್ಧ ತೆರೆದಿತ್ತು. ವರಾಂಡದಲ್ಲಿ ಸಾಹೇಬರು ಕ್ಷೌರಕ್ಕೆ ಕೂತಿದ್ದರು, ಮುಖದ ತುಂಬ ನೊರೆ. ಕಣ್ಣಿಗೆ ಕಣ್ಣು ಕೂಡಿತು. ಅವರೇನೂ ಗಾಬರಿಯಾಗಲಿಲ್ಲ, ಕ್ಷೌರದವನಿಗೆ ಇನ್ನೊಂದು ಕೆನ್ನೆ ಕೊಟ್ಟರು, ಅಷ್ಟೆ.

ಅವರ ಸಹಾಯಕ ಹೊರಗೆ ಬಂದು, ಸಮನ್ಸಣ್ಣ ಚಾಚಿದ ಕಾಗದ ಮುಟ್ಟದೆ, ಅವರ ಹೆಗಲ ಮೇಲೆ ಕೈಯಿಟ್ಟ. “ಊರಲ್ಲಿಲ್ಲ ಅಂತ ಬರ್ಕೊಳ್ಳಿ ಅಣ್ಣ. ನಿಮ್ಮ ಮಗಳು ಒಂಬತ್ತೂಕಾಲಿನ ಬಸ್ಸಿಗೆ ತಾನೇ ಹೋಗೋದು? ಹಸಿರು ಬ್ಯಾಗು. ಒಳ್ಳೆ ಹುಡುಗಿ.”

ಸಮನ್ಸಣ್ಣ ಸೈಕಲ್ ಹತ್ತದೆ ಮನೆಯವರೆಗೂ ತಳ್ಳಿಕೊಂಡೇ ಬಂದರು. ತಟ್ಟೆಯ ಅನ್ನ ಹಾಗೇ ಬಿಟ್ಟು ಎದ್ದರು.

“ಯಾಕ್ರೀ, ಮೈ ಹುಷಾರಿಲ್ವಾ?” ಎಂದು ಹೆಂಡತಿ ಹಣೆ ಮುಟ್ಟಿ ನೋಡಿದರೆ, “ಬಿಸಿಲು ಕಣೇ” ಎಂದು ತೇಲಿಸಿಬಿಟ್ಟರು.

ಮರುದಿನ ಮಗಳ ಹಿಂದೆಯೇ ಬಸ್ ಸ್ಟಾಪಿಗೆ ಹೊರಟರು. ಹಾದುಹೋಗುವ ಪ್ರತಿ ಬೈಕನ್ನೂ ನೋಡುತ್ತಿದ್ದ ಅಪ್ಪನನ್ನು ಅವಳು ತಡೆದು ನಿಲ್ಲಿಸಿದಳು.

“ಏನಾಯ್ತಪ್ಪಾ? ನಿಜ ಹೇಳು.”

ಹೇಳಿದರು. ಬಸ್ಸು ಬಂದು ಹೋಯಿತು, ಅವಳು ಹತ್ತಲಿಲ್ಲ.

“ನಂಗೂ ಭಯ ಆಗ್ತಿದೆ,” ಎಂದಳು ಕೊನೆಗೆ. “ಆದ್ರೆ ನನ್ನ ನೆಪ ಮಾಡ್ಕೊಂಡು ಸುಳ್ಳು ಬರೀಬೇಡಪ್ಪಾ.”

ಅಂದು ಕಚೇರಿಯಲ್ಲಿ ಕೋರ್ಟಿಗೆ ಕೊಡಬೇಕಾದ ವರದಿಯ ಹಾಳೆ ಎದುರಿಗಿಟ್ಟುಕೊಂಡರು. ಬರೆದರು: ‘ಮನೆಯಲ್ಲೇ ಇದ್ದರು. ಕ್ಷೌರ ಮಾಡಿಸಿಕೊಳ್ಳುತ್ತಿದ್ದುದನ್ನು ಕಣ್ಣಾರೆ ಕಂಡೆ. ಸಮನ್ಸ್ ತೆಗೆದುಕೊಳ್ಳಲಿಲ್ಲ.’

ನ್ಯಾಯಾಧೀಶರು ಬಂಧನದ ವಾರಂಟ್ ಹೊರಡಿಸಿದರು. ಪೊಲೀಸರು ಹೋಗುವಷ್ಟರಲ್ಲಿ ಮನೆಗೆ ಬೀಗ. ಸಾಹೇಬರು ಚಿಕಿತ್ಸೆಯ ನೆಪದಲ್ಲಿ ವಿಮಾನ ಹತ್ತಿಯಾಗಿತ್ತು. ಇವತ್ತಿಗೂ ವಾಪಸು ಬಂದಿಲ್ಲ.

ಮಗಳಿಗೆ ಏನೂ ಆಗಲಿಲ್ಲ. ಸಮನ್ಸಣ್ಣನೂ ಈಗ ನಿವೃತ್ತರು. ಆದರೆ ಅವಳು ಬರುವುದು ಹತ್ತು ನಿಮಿಷ ತಡವಾದರೂ ಅವರು ಚಪ್ಪಲಿ ಮೆಟ್ಟಿ ಬೀದಿಯ ತುದಿಗೆ ಹೋಗಿ ನಿಲ್ಲುತ್ತಾರೆ. “ಇನ್ನೂ ಎಷ್ಟು ದಿನಾರೀ ಹೀಗೆ?” ಎಂದು ಹೆಂಡತಿ ಕೇಳುವಷ್ಟರಲ್ಲಿ ಹೊಸ್ತಿಲು ದಾಟಿರುತ್ತಾರೆ.