ಆರನೇ ಗುಂಡಿ

“ನಲವತ್ತು ವರ್ಷ ಹೊಲಿದಿದ್ದೀನಿ. ಒಂದೇ ಒಂದು ಗುಂಡಿ ತಪ್ಪಿಲ್ಲ, ಒಂದೇ ಒಂದು ಉದುರಿಲ್ಲ. ನಾನು ಹಾಕಿದ ಗುಂಡಿ ಹಿಡಿದು ಎಳೆದ್ರೆ ಕೋಟು ಬರುತ್ತೆ, ಕೋಟಿನ ಜೊತೆ ಮನುಷ್ಯ ಬರ್ತಾನೆ, ಗುಂಡಿ ಮಾತ್ರ ಬರಲ್ಲ.”

ಈ ಮಾತನ್ನು ಗುಂಡಿ ಟೈಲರ್ ದಿನಕ್ಕೆ ಮೂರು ಸಲವಾದರೂ ಹೇಳುತ್ತಿದ್ದರು. ಗಿರಾಕಿ ಬಾರದ ದಿನ ಹೊಲಿಗೆ ಯಂತ್ರಕ್ಕೇ ಹೇಳುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅದು ಎಷ್ಟು ಇಕ್ಕಟ್ಟೆಂದರೆ, ಎದೆಯ ಅಳತೆಗೆಂದು ದಪ್ಪ ಗಿರಾಕಿಯೊಬ್ಬ ಉಸಿರು ಎಳೆದುಕೊಂಡರೆ ಟೈಲರ್ ಬೀದಿಗೆ ಹೋಗಿ ನಿಲ್ಲಬೇಕಾಗುತ್ತಿತ್ತು.

ಆ ಮನೆಯಲ್ಲಿ ಕ್ರಿಸ್‌ಮಸ್ಸಿಗೆ ಅಂಗಡಿಯಿಂದ ಕೊಂಡ ವಸ್ತು ಹೊಸ್ತಿಲು ದಾಟುವಂತಿರಲಿಲ್ಲ. ಎಲ್ಲವೂ ಮನೆಯವರ ಕೈಯಲ್ಲೇ ಆಗಬೇಕು. ಅಳಿಯ ವೆಲ್ಡರ್, ಹಳೆಯ ಸೈಕಲ್ ರಿಮ್ಮುಗಳನ್ನು ಒಂದರ ಮೇಲೊಂದು ಬೆಸೆದು ಅವನು ಮಾಡಿದ ಕ್ರಿಸ್‌ಮಸ್ ಮರವನ್ನು ಒಳಗೆ ತರಲು ನಾಲ್ಕು ಜನ, ಸಲಹೆ ಕೊಡಲು ಬೀದಿಯವರೆಲ್ಲ ಬೇಕಾಗುತ್ತಿತ್ತು. ಮಗಳಿಗೆ ಪುಸ್ತಕ ಬೈಂಡಿಂಗ್ ಕೆಲಸ. ರದ್ದಿ ಹಾಳೆಗಳಲ್ಲಿ ಅವಳು ಕಟ್ಟಿದ ನಕ್ಷತ್ರದೊಳಗೆ ಬಲ್ಬು ಹೊತ್ತಿದರೆ ಹದಿನೇಳರ ಮಗ್ಗಿ ಬೀದಿಗೆಲ್ಲ ಕಾಣುತ್ತಿತ್ತು, ಮಕ್ಕಳು ಆ ಕಡೆ ಸುಳಿಯುತ್ತಲೇ ಇರಲಿಲ್ಲ. ಟೈಲರ್ ಹೆಂಡತಿ ನೂಲಿನಲ್ಲಿ ಹೆಣೆದು ಗಂಜಿ ಹಾಕಿ ನಿಲ್ಲಿಸುತ್ತಿದ್ದ ದೇವದೂತರು ಎಷ್ಟು ಗಟ್ಟಿಯೆಂದರೆ, ಒಂದು ವರ್ಷ ಒಬ್ಬ ದೇವದೂತ ಮೇಲಿಂದ ಬಿದ್ದು ನೆಲದ ಹಾಸುಗಲ್ಲೇ ಸೀಳಿಹೋಗಿತ್ತು. ಇನ್ನು ಎಲೆಕ್ಟ್ರಿಷಿಯನ್ ಮಗ ದೀಪದ ಸರ ಹೊತ್ತಿಸಿದನೆಂದರೆ ಅಕ್ಕಪಕ್ಕದ ಮೂರು ಮನೆಯವರು ಕರೆಂಟು ಹೋಗಿ ಕತ್ತಲಲ್ಲಿ ತಡವಿಕೊಂಡು ಊಟ ಮಾಡಬೇಕಿತ್ತು.

ಇದೆಲ್ಲಕ್ಕಿಂತ ದೊಡ್ಡದು ಗುಂಡಿ ಡಬ್ಬಿ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗುಂಡಿ. ಟೈಲರದು ಮರದ ಗುಂಡಿ, ಹೆಂಡತಿಯದು ಚಿಪ್ಪಿನದು, ಮಗಳದು ಕೆಂಪು, ಅಳಿಯನದು ಹಿತ್ತಾಳೆ, ಮಗನದು ಕಪ್ಪು. ಡಿಸೆಂಬರಿನ ಮೊದಲ ಭಾನುವಾರ ಡಬ್ಬಿ ಕುಲುಕಿ, ಕಣ್ಣು ಮುಚ್ಚಿ ಒಬ್ಬೊಬ್ಬರೂ ಒಂದೊಂದು ಗುಂಡಿ ತೆಗೆಯಬೇಕು. ಯಾರ ಗುಂಡಿ ಬಂದಿತೋ ಅವರಿಗೆ ಗುಟ್ಟಾಗಿ ಒಂದು ಉಡುಗೊರೆ ಮಾಡಬೇಕು. ಅದನ್ನು ಖಾಕಿ ಕಾಗದದಲ್ಲಿ ಸುತ್ತಿ, ಹೆಸರು ಬರೆಯುವ ಬದಲು ಅದೇ ಗುಂಡಿಯನ್ನು ಮೇಲೆ ಹೊಲಿಯಬೇಕು. ಗುಂಡಿ ಹೇಳಿದ್ದೇ ಕೊನೆಯ ಮಾತು.

ಈ ವರ್ಷ ಡಬ್ಬಿಗೆ ಆರನೇ ಗುಂಡಿ ಬಂದಿತ್ತು, ಹೊಸ ಸೊಸೆಯದು. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಮಾತ್ರೆ ಎಣಿಸುವುದರಲ್ಲಿ ಎತ್ತಿದ ಕೈ. ಬೆಳೆದದ್ದೆಲ್ಲ ಹಾಸ್ಟೆಲಿನಲ್ಲಿ.

“ನಮ್ಮ ಹಾಸ್ಟೆಲ್‌ನಲ್ಲಿ ಕ್ರಿಸ್‌ಮಸ್‌ಗೆ ಎಲ್ಲರಿಗೂ ಒಂದೇ ಅಳತೆ ಸ್ವೆಟರ್, ಮಾವ. ನನ್ನದು ಮಂಡಿವರೆಗೂ ಬರ್ತಿತ್ತು. ನನಗೇ ಅಂತ ಯಾರೂ ಏನೂ ಮಾಡಿದ್ದಿಲ್ಲ. ನನ್ನ ಗುಂಡಿನೂ ಡಬ್ಬಿಗೆ ಹಾಕ್ತೀರಾ?”

“ಹಾಕದೆ? ನೀನೇನು ಗಿರಾಕಿನಾ?” ಎಂದು ಟೈಲರ್ ಗದರಿ, ಸಾವಿರ ಗುಂಡಿ ಜಾಲಾಡಿ ಬಾಟಲ್ ಗ್ರೀನ್ ಬಣ್ಣದ ಒಂದನ್ನು ಆರಿಸಿದ್ದರು. ಅಷ್ಟು ಕಡು ಹಸಿರು, ಬಿಸಿಲಿಗೆ ಹಿಡಿದರೆ ಮಾತ್ರ ಬಣ್ಣ ಬಿಟ್ಟುಕೊಡುವಂಥದು.

ಶನಿವಾರ ಸಂಜೆ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೆ, ಕತ್ತರಿಸುವ ಮೇಜಿನ ಮೇಲೆ ಆರೂ ಗುಂಡಿಗಳನ್ನು ಹರವಿಕೊಂಡು ಟೈಲರ್ ಉಜ್ಜಿ ಹೊಳಪು ಕೊಟ್ಟರು. ಪಕ್ಕದಲ್ಲೇ ಪೋಸ್ಟ್ ಮಾಸ್ಟರರ ಕರಿ ಕೋಟು. ನಾಲ್ಕು ಗುಂಡಿ ಹಾಕಿದರೆ ಮುಗಿಯಿತು. ಅದನ್ನೂ ಮುಗಿಸಿದರು. ಉಳಿದ ಗುಂಡಿ ಎಣಿಸಿದರು. ಆರು. ಡಬ್ಬಿಗೆ ಹಾಕಿ ಮುಚ್ಚಳ ಬಡಿದರು. ಮಾರನೆಯ ದಿನ ಎಲ್ಲರೂ ತೆಗೆದರು, ಮುಷ್ಟಿ ಬಿಗಿ ಮಾಡಿಕೊಂಡು ತಮ್ಮ ತಮ್ಮ ಮೂಲೆ ಸೇರಿದರು. ಟೈಲರಿಗೆ ಬಂದದ್ದು ಕಪ್ಪು. ಮಗನಿಗೆಂದು ಇಪ್ಪತ್ತು ದಿನ ಕೂತು, ಎತ್ತಿಟ್ಟಿದ್ದ ಒಳ್ಳೆಯ ಉಣ್ಣೆ ಬಟ್ಟೆಯಲ್ಲಿ ಒಂದು ವೇಸ್ಟ್‌ಕೋಟು ಹೊಲಿದರು.

ಕ್ರಿಸ್‌ಮಸ್ ಬೆಳಿಗ್ಗೆ ಎಲ್ಲರೂ ಕಬ್ಬಿಣದ ಮರದ ಸುತ್ತ ಕೂತರು. ಮರದ ಗುಂಡಿಯ ಪೊಟ್ಟಣ ಮೊದಲು ಬಿಚ್ಚಿದ್ದು ಟೈಲರ್. ಒಳಗೆ ನೀಲಿ ಉಣ್ಣೆಯ ಕೈಗವಸು. ಸೊಸೆ ಬಾಳಿನಲ್ಲೇ ಮೊದಲ ಸಲ ಹೆಣೆದದ್ದು. ಎಡಗೈಗೆ ಐದು ಬೆರಳು. ಬಲಗೈಗೆ ಆರು. ಟೈಲರ್ ಎರಡನ್ನೂ ಹಾಕಿಕೊಂಡು ಹೆಚ್ಚಿನ ಬೆರಳನ್ನು ಮಡಚಿಟ್ಟುಕೊಂಡರು. ಚಿಪ್ಪಿನ ಗುಂಡಿಯ ದೀಪ ಅತ್ತೆಗೆ ಹೋಯಿತು, ಹಿತ್ತಾಳೆಯ ಡೈರಿ ಅಳಿಯನಿಗೆ. ಕೆಂಪು ಗುಂಡಿಯ ಕಬ್ಬಿಣದ ಒಡವೆ ಪೆಟ್ಟಿಗೆ ಮಗಳಿಗೆ. ಕಳ್ಳ ಬಂದರೂ ಎತ್ತಲಾರ, ಅವಳೂ ಎತ್ತಲಾರಳು.

ಉಳಿದದ್ದು ಎರಡು ಪೊಟ್ಟಣ. ಎರಡರ ಮೇಲೂ ಕಪ್ಪು ಗುಂಡಿ.

ಟೈಲರ್ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು. ಪೊಟ್ಟಣ ಆರು. ಜನ ಆರು. ಗುಂಡಿ ಆರು. ಎಲ್ಲಾ ಸರಿ. ಆದರೂ ಒಬ್ಬಳ ಕೈ ಖಾಲಿ. ಬೆಕ್ಕಿನ ಕೈಗೆ ಸಿಕ್ಕ ನೂಲುಂಡೆಯಂತಾಯಿತು ಅವರ ತಲೆ.

“ಎರಡು ಕಪ್ಪು ಹೇಗೆ ಬಂತು ರೀ?” ಎಂದರು ಹೆಂಡತಿ. “ನನಗೂ ಕಪ್ಪೇ ಬಂತು ಅಂತ ನಾನು ಇವನಿಗೆ ಸ್ವೆಟರ್ ಹೆಣೆದೆ.”

“ಮರಿ ಹಾಕಿರ್ಬೇಕು ಅತ್ತೆ,” ಎಂದ ಅಳಿಯ.

“ಅಳಿಯಂದ್ರೇ, ಹಸಿರು ನೀವೇನಾದ್ರೂ ನುಂಗಿದ್ರಾ?”

“ನಾನು ನುಂಗೋದಾದ್ರೆ ಹಿತ್ತಾಳೆದು ನುಂಗ್ತಿದ್ದೆ ಮಾವ. ಪಳಗಿದ ಲೋಹ.”

ಟೈಲರ್ ಡಬ್ಬಿ ತಲೆಕೆಳಗು ಮಾಡಿದರು. ಮೇಜಿನ ಸಂದು, ಯಂತ್ರದ ಅಡಿ, ಸೂಜಿ ದಿಂಬಿನ ಹೊಟ್ಟೆ ಎಲ್ಲವನ್ನೂ ಬಗೆದರು. ಕೊನೆಗೆ ತಮ್ಮ ಅಂಗಿಯ ಗುಂಡಿಗಳನ್ನೇ ಅನುಮಾನದಿಂದ ಎಣಿಸಿದರು. ಹಸಿರು ಗುಂಡಿ ಡಬ್ಬಿಗೆ ಹಾಕಿದ್ದು ನಿಜವೇ? ನಿಜ. ಹಾಗಾದರೆ ಹೋಯಿತೆಲ್ಲಿ? ಹಾಕಿರದಿದ್ದರೆ ಆರು ಹೇಗಾಯಿತು? ತಾನು ಹೊಲಿದದ್ದು ಮಗನಿಗೋ, ಸೊಸೆಗೋ, ಇನ್ಯಾರಿಗೋ? ಒಂದು ಗಳಿಗೆ ಅವರಿಗೆ ಮನೆಯಲ್ಲಿ ಎಷ್ಟು ಜನ ಎಂಬುದೇ ಸಂಶಯವಾಗಿ, ಬೆರಳು ಮಡಚಿ ಎಣಿಸಹೋದರು. ಕೈಗವಸಿನ ಬೆರಳು ಒಂದು ಹೆಚ್ಚಿದ್ದರಿಂದ ಅದೂ ತಪ್ಪಿತು.

“ನನ್ನ ವೇಸ್ಟ್‌ಕೋಟು ನೀನೇ ತಗೋ,” ಎಂದ ಪೊಟ್ಟಣ ಬಿಚ್ಚಿ ನೋಡಿದ ಮಗ, ಹೆಂಡತಿಗೆ.

“ಅದು ನಿಮ್ಮ ಗುಂಡಿದು. ಗುಂಡಿ ಹೇಳಿದ್ದೇ ಕೊನೆ ಮಾತು ಅಂದಿದ್ರಲ್ಲ ಮಾವ,” ಎಂದಳು ಸೊಸೆ. “ಬಿಡಿ, ಮೊದಲನೇ ವರ್ಷ. ಡಬ್ಬಿಗೆ ನನ್ನ ಅಭ್ಯಾಸ ಆಗಿಲ್ಲ.”

ನಗುತ್ತಲೇ ಅಂದಳು. ಆದರೆ ಕೈಯಲ್ಲಿದ್ದ ಯಾರದೋ ಖಾಕಿ ಕಾಗದವನ್ನು ಮಡಚಿ, ಮತ್ತೆ ಮಡಚಿ, ಮಾತ್ರೆಯಷ್ಟು ಚಿಕ್ಕದು ಮಾಡಿದ್ದಳು. ಟೈಲರ್ ಕಣ್ಣಿಗೆ ಅದೊಂದು ಮಾತ್ರ ಸರಿಯಾಗಿ ಬಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಪೋಸ್ಟ್ ಮಾಸ್ಟರ್. “ಹ್ಯಾಪಿ ಕ್ರಿಸ್‌ಮಸ್! ಕೇಕು ಆಗಿದೆಯಾ? ನೋಡಿ, ಹೊಸ ಕೋಟು ಹಾಕ್ಕೊಂಡೇ ಬಂದೆ. ಎಂಥ ಗಟ್ಟಿ ಗುಂಡಿ ರೀ! ಬಸ್ಸಿನ ಬಾಗಿಲಿಗೆ ಸಿಕ್ಕಿಕೊಂಡಿತ್ತು, ಬಸ್ಸೇ ನಿಂತುಬಿಡ್ತು.”

ಅವರ ಹಿಂದಿನಿಂದ ಬಿಸಿಲು ಓರೆಯಾಗಿ ಬಿದ್ದಿತ್ತು. ಕೋಟಿನ ಮೇಲೆ ಮೂರು ಕಪ್ಪು ಗುಂಡಿ. ಕೊನೆಯದು ಪಚ್ಚೆಯ ಹಾಗೆ ಹೊಳೆಯಿತು.

ಎಲ್ಲರೂ ಒಟ್ಟಿಗೇ ಮಾತಾಡಿದರು.

“ಕೋಟು ಬಿಚ್ಚಿ ಸ್ವಾಮಿ,” ಎಂದರು ಟೈಲರ್.

“ಈಗ ತಾನೇ ಬಂದೆನಲ್ರೀ!”

“ಬಿಚ್ಚಿ ಅಂದೆ.”

ಪೋಸ್ಟ್ ಮಾಸ್ಟರ್ ಏನೊಂದೂ ತಿಳಿಯದೆ ಅಂಗಿಯಲ್ಲೇ ಕೂತು ಕೇಕು ತಿಂದರು. ಟೈಲರ್ ಕತ್ತರಿ ಹಾಕಿದರು, ಜಗ್ಗಲಿಲ್ಲ. ಬ್ಲೇಡು ಹಾಕಿದರು, ಮುರಿಯಿತು. ವೆಲ್ಡರ್ ಅಳಿಯ ಇಕ್ಕಳ ತಂದ. ನಲವತ್ತು ವರ್ಷದಲ್ಲಿ ಮೊದಲ ಸಲ ಟೈಲರ್ ತಮ್ಮ ಕೈಗುಣವನ್ನು ತಾವೇ ಬೈದುಕೊಂಡರು. ಮೂರು ಚೂರು ಕೇಕು ಖಾಲಿಯಾಗುವ ಹೊತ್ತಿಗೆ ಹಸಿರು ಗುಂಡಿ ಅಂಗೈಗೆ ಬಿತ್ತು.

ವೇಸ್ಟ್‌ಕೋಟಿನ ಪೊಟ್ಟಣದಿಂದ ಕಪ್ಪು ಗುಂಡಿ ಕಿತ್ತು ಕೋಟಿಗೆ ಹಾಕಿದರು. “ಇದು ಪೋಸ್ಟ್ ಮಾಸ್ಟರದು. ಡಬ್ಬಿಗೆ ಬಂದದ್ದೇ ತಪ್ಪು.”

“ಹಾಗಾದ್ರೆ ವೇಸ್ಟ್‌ಕೋಟೂ ಅವರದೇ ಆಯ್ತಲ್ಲ ಮಾವ?” ಎಂದ ಅಳಿಯ.

“ಹೌದಾ? ನನಗೆ ಸರಿ ಹೋಗುತ್ತಾ?” ಎಂದು ಪೋಸ್ಟ್ ಮಾಸ್ಟರ್ ಆಸೆಯಿಂದ ಕತ್ತು ಚಾಚಿದರು.

“ನೀವು ಕೇಕು ತಿನ್ನಿ.”

ಆ ಮನೆಯಲ್ಲಿ ಕ್ರಿಸ್‌ಮಸ್ ದಿನ ಯಂತ್ರ ತಿರುಗಿದ್ದೇ ಇಲ್ಲ. ಟೈಲರ್ ಅದರ ಹೊದಿಕೆ ತೆಗೆದು, ಕುತ್ತಿಗೆಗೆ ಟೇಪು ಹಾಕಿಕೊಂಡು ಸೊಸೆಯನ್ನು ಕರೆದರು. “ಬಾಮ್ಮ, ನೆಟ್ಟಗೆ ನಿಲ್ಲು. ಅಳತೆ ಕೊಡು.”

“ಮಾವ, ಇವತ್ತು...”

“ಭುಜ ಇಳಿಸು. ಮಂಡಿವರೆಗೂ ಬರೋ ಹಾಗೆ ಹೊಲಿಯೋದಕ್ಕೆ ಇದೇನು ಹಾಸ್ಟೆಲ್ಲಾ?”

ಹೆಂಡತಿ ಟೇಪಿನ ಇನ್ನೊಂದು ತುದಿ ಹಿಡಿದರು. ಮಗನ ವೇಸ್ಟ್‌ಕೋಟಿನ ಬಗಲು ಬಿಚ್ಚಿ, ಎರಡೂ ಪಕ್ಕ ಒಳಕ್ಕೆ ಹಿಡಿದು, ಟೈಲರ್ ಗಡಗಡನೆ ಹೊಲಿಗೆ ಓಡಿಸಿದರು. ಕೊನೆಗೆ ವೇಸ್ಟ್‌ಕೋಟನ್ನು ಮತ್ತೆ ಖಾಕಿ ಕಾಗದದಲ್ಲಿ ಸುತ್ತಿ, ಮೇಲೆ ಹಸಿರು ಗುಂಡಿ ಹಾಕಿ, ಈಗಷ್ಟೇ ಎಲ್ಲಿಂದಲೋ ಬಂತು ಎಂಬಂತೆ ಮರದ ಕೆಳಗಿಟ್ಟರು. ಸೊಸೆ ಗುಂಡಿ ಬಿಡಿಸಲು ಎಳೆದಳು. ಕಾಗದ ಹರಿಯಿತು, ಗುಂಡಿ ಅಲುಗಲಿಲ್ಲ.

ವೇಸ್ಟ್‌ಕೋಟು ತೊಟ್ಟು, ಅದರ ಎರಡು ಜೇಬಿಗೂ ಕೈ ಇಳಿಬಿಟ್ಟು ನಿಂತಳು. ಒಂದು ಕಡೆಯೂ ಸುಕ್ಕಿರಲಿಲ್ಲ. ಕಣ್ಣು ಒರೆಸಿಕೊಂಡು ಕೇಳಿದಳು:

“ಮಾವ, ನಲವತ್ತು ವರ್ಷದಲ್ಲಿ ಒಂದೇ ಒಂದು ಗುಂಡಿ ತಪ್ಪಿಲ್ಲ ಅಂತಿದ್ರಲ್ಲ?”

ಮನೆಯೆಲ್ಲ ಕಿವಿಯಾಯಿತು. ಟೈಲರ್ ಬಲಗೈಯ ಕೈಗವಸು ಮತ್ತೆ ಹಾಕಿಕೊಂಡರು. ಮಡಚಿಟ್ಟಿದ್ದ ಆರನೇ ಬೆರಳನ್ನು ಎಳೆದು ನೆಟ್ಟಗೆ ಮಾಡಿ, ಅದನ್ನೇ ಅವಳ ಕಡೆ ತೋರಿಸಿದರು.

“ಗುಂಡಿ ತಪ್ಪಿಲ್ಲ ಅನ್ನೋದು ಹೊರಗಿನವರಿಗೆ ಹೇಳೋ ಮಾತು ಕಣಮ್ಮ. ಎಣಿಕೆ ತಪ್ಪೋದ್ರಲ್ಲಿ ನೀನೂ ಈ ಮನೆಯವಳೇ ಅಂತ ನನಗೆ ಬೆಳಿಗ್ಗೆ ಈ ಬೆರಳು ಎಣಿಸಿದಾಗಲೇ ಗೊತ್ತಾಯ್ತು.”