ಮೂರು ಕರೆ ಮುಗಿದ ಮೇಲೆ ಬಸ್ ಹತ್ತುವ ದಾಕ್ಷಾಯಣಿ

ಬೆಳಿಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ. ಬೆಂಗಳೂರಿನ ಅಬ್ಬಿಗೆರೆಯ ಸಣ್ಣ ಕಾರ್ಖಾನೆಯೊಂದರ ಗೇಟಿನೆದುರು ದಾಕ್ಷಾಯಣಿ ನಿಂತಲ್ಲಿ ನಿಲ್ಲುತ್ತಿಲ್ಲ. ನಾಲ್ಕು ಹೆಜ್ಜೆ ಅತ್ತ, ನಾಲ್ಕು ಹೆಜ್ಜೆ ಇತ್ತ. ಕೈಯಲ್ಲಿನ ಟೀ ಆರಿಹೋಗಿದೆ. ರಾತ್ರಿ ಪಾಳಿಯವರು ಹೊರಬರುವ ಹೊತ್ತು. ಅವರಲ್ಲಿ ಒಬ್ಬ ಇವರಿಗೆ ಬೇಕು. ಹೆಸರು ಗೊತ್ತು, ಮುಖ ನೆನಪಿಲ್ಲ.

"ಯಾಕ್ ಬೇಕು ಮೇಡಂ ಅವ್ನು? ಏನ್ ವಿಷ್ಯ?" ಗೇಟಿನ ಕಾವಲುಗಾರ ಎರಡನೇ ಸಲ ಕೇಳುತ್ತಾರೆ.

"ಒಂದು ಕಾರ್ಡ್ ಕೊಡ್ಬೇಕಿತ್ತು, ಅಷ್ಟೇ."

ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ. ದಾಕ್ಷಾಯಣಿ ಯಲಹಂಕ ಕಡೆಯ ಒಂದು ರಕ್ತನಿಧಿಯಲ್ಲಿ ಆಪ್ತಸಮಾಲೋಚಕಿ. ದಾನವಾಗಿ ಬಂದ ರಕ್ತದಲ್ಲಿ ಹೆಪಟೈಟಿಸ್ ಬಿ ಅಥವಾ ಸಿ, ಅಂದರೆ ಯಕೃತ್ತನ್ನು ಸದ್ದಿಲ್ಲದೆ ತಿನ್ನುವ ವೈರಸ್, ಇರುವ ಸೂಚನೆ ಸಿಕ್ಕರೆ ಆ ದಾನಿಯನ್ನು ಕರೆಸಿ ತಿಳಿಸುವುದು ಅವರ ಕೆಲಸ. ತಿಂಗಳಿಗೆ ಒಂಬೈನೂರರಷ್ಟು ಚೀಲ ರಕ್ತ ಬರುತ್ತದೆ. ಹೋದ ತಿಂಗಳು ಹನ್ನೆರಡು ಚೀಲ ಬದಿಗಿಡಬೇಕಾಯಿತು. ಏಳು ಮಂದಿ ಫೋನ್ ಎತ್ತಿದರು, ಬಂದರು. ಉಳಿದ ಐದು ಹೆಸರು ದಾಕ್ಷಾಯಣಿಯವರ ಬ್ಯಾಗಿನಲ್ಲಿ, ಮಡಚಿದ ಚೀಟಿಯ ಮೇಲಿವೆ.

ಗದಗ ಕಡೆಯ ರೋಣದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದು ಹದಿನೇಳು ವರ್ಷ. ಮನೆ ಪುಟ್ಟೇನಹಳ್ಳಿಯಲ್ಲಿ. ಗಂಡ ಯಶವಂತಪುರದ ಗೋದಾಮಿನಲ್ಲಿ ಮೇಲ್ವಿಚಾರಕ, ಮಗಳು ರಕ್ಷಾ ಪಿಯುಸಿ. ದಾನಿಗಳನ್ನು ಹುಡುಕಿಕೊಂಡು ಹೋಗು ಎಂದು ಯಾರೂ ಇವರಿಗೆ ಹೇಳಿಲ್ಲ. ಅವರ ರಕ್ತನಿಧಿಯ ಪದ್ಧತಿಯಂತೆ ಮೂರು ಸಲ ಫೋನ್ ಮಾಡಿ, "ಸಂಪರ್ಕಕ್ಕೆ ಸಿಗಲಿಲ್ಲ" ಎಂದು ಬರೆದರೆ ಮುಗಿಯಿತು.

ನಾಲ್ಕು ವರ್ಷದ ಹಿಂದೆ ಅವರೂ ಹಾಗೆಯೇ ಬರೆದಿದ್ದರು. ದಾನಿ ಶೇಖರಪ್ಪ, ಐವತ್ತೆರಡು ವರ್ಷ, ಹೆಪಟೈಟಿಸ್ ಸಿ. ಫಾರಂನಲ್ಲಿ ಫೋನ್ ನಂಬರಿನ ಒಂದು ಅಂಕಿ ತಪ್ಪಾಗಿತ್ತು. ಎರಡು ವರ್ಷದ ಮೇಲೆ ಅದೇ ಶೇಖರಪ್ಪ ಹೊಟ್ಟೆ ಊದಿಕೊಂಡು ಆಸ್ಪತ್ರೆ ಸೇರಿದರು. ಹಳೆಯ ದಾಖಲೆ ತೆಗೆದಾಗ ಅದರ ಕೆಳಗೆ ದಾಕ್ಷಾಯಣಿಯವರದೇ ಸಹಿ. ವಾರ್ಡಿಗೆ ಹೋಗಿ ಎದುರು ನಿಂತರು, ಇದ್ದದ್ದನ್ನು ಹೇಳಿದರು.

"ಅವ್ರು ಬೈಲಿಲ್ಲ. 'ಮನೆ ಅಡ್ರೆಸ್ಸು ಸರಿಯಾಗೇ ಬರ್ದಿದ್ನಲ್ಲಮ್ಮ' ಅಂದ್ರು. ಮೂರು ತಿಂಗಳ ಮಾತ್ರೇಲಿ ಹೋಗೋ ಕಾಯಿಲೆ ಕಣ್ರೀ ಅದು. ಅವ್ರು ಉಳೀಲಿಲ್ಲ. ಆಮೇಲೆ ನನ್ ಕೈಲಿ ಕೂತಿರೋಕೆ ಆಗ್ಲಿಲ್ಲ."

ಅಂದಿನಿಂದ ಕೆಲಸದ ಹೊತ್ತಿಗೆ ಮುಂಚೆ, ರಜೆಯ ದಿನ, ಬಸ್ಸಿನ ಮೇಲೆ ಬಸ್ಸು. ಅಲ್ಲಾಳಸಂದ್ರದ ಮನೆಯೊಂದರಲ್ಲಿ ದಾನಿಯ ಹೆಂಡತಿ ಬಾಗಿಲಲ್ಲೇ ಅಡ್ಡ ನಿಂತು, "ನನ್ ಗಂಡಂಗೂ ನಿಂಗೂ ಏನಮ್ಮಾ ಸಂಬಂಧ?" ಎಂದು ಬೀದಿಗೆ ಕೇಳುವಂತೆ ಕೂಗಿದ್ದರು. ನಿಜ ಹೇಳಿದರೆ ಆತನ ಗುಟ್ಟು ಹೋಗುತ್ತದೆ, ಹೇಳದಿದ್ದರೆ ಇವರ ಮಾನ. "ಬಾಯ್ಮುಚ್ಕೊಂಡು ಬಂದೆ. ಮಾರನೇ ದಿನ ಅವ್ರ ಗಂಡನ ಅಂಗಡೀಗೆ ಹೋದೆ."

ಪಾಳಿ ಬಿಡುತ್ತದೆ. ಅವರ ಬಗ್ಗೆ ಬರೆಯಲು ಜೊತೆ ಬಂದ ನಾನು ದೂರದ ಟೀ ಅಂಗಡಿಯಲ್ಲೇ ಇರಬೇಕೆಂಬುದು ದಾಕ್ಷಾಯಣಿಯವರ ಷರತ್ತು. ಮುಂದಿನದನ್ನು ನನಗೆ ಹೇಳಿದವರು ಅವರು ಹುಡುಕಿ ಬಂದಿದ್ದ ಆ ಕಾರ್ಮಿಕರೇ, ತಾವಾಗಿ ಒಪ್ಪಿ, ಹೆಸರು ಬದಲಿಸಬೇಕೆಂದು ಕೇಳಿಕೊಂಡು. ಸೋಮನಾಥ ಎಂದಿಟ್ಟುಕೊಳ್ಳೋಣ. ಇಪ್ಪತ್ತೊಂಬತ್ತು ವರ್ಷ, ಬಾದಾಮಿ ಕಡೆಯವರು. ಗೊತ್ತಿಲ್ಲದ ನಂಬರೆಂದು ಹನ್ನೊಂದು ಕರೆ ಎತ್ತಿರಲಿಲ್ಲ.

ರಕ್ತದ ಮಾತು ಬರುತ್ತಲೇ ಸೋಮನಾಥ ಹೆದರಿಬಿಟ್ಟರು. "ಏಡ್ಸ್ ಏನ್ರೀ? ನಾ ಅಂಥಾವ ಅಲ್ರೀ ಅಕ್ಕಾರ."

ಆ ಮಾತಿನ ಧಾಟಿ ಕೇಳಿ ದಾಕ್ಷಾಯಣಿ ಬೆಂಗಳೂರು ಕನ್ನಡ ಬಿಟ್ಟರು. "ಅಂಜಬ್ಯಾಡ್ರಿ ತಮ್ಮಾ. ಅದಲ್ಲ ಇದು. ಹುಟ್ಟಿದಾಗ ತಾಯಿಯಿಂದ ಬಂದಿರಬಹುದು, ಹಳೇ ಸೂಜಿ, ಬ್ಲೇಡಿನಿಂದ ಬಂದಿರಬಹುದು. ಇನ್ನೊಮ್ಮೆ ಪರೀಕ್ಷೆ ಮಾಡೂಣು."

ಸೋಮನಾಥ ಮುಂದೆ ಕೇಳಿದ್ದು ತಮ್ಮ ಬಗ್ಗೆ ಅಲ್ಲ. "ನನ್ನ ರಕ್ತ ಯಾರಿಗರ ಹಾಕಿಬಿಟ್ರೇನ್ರೀ?"

"ಇಲ್ರೀ. ಯಾರಿಗೂ ಹಾಕಿಲ್ಲ."

ಆಮೇಲೆ ತಿಳಿಯಿತು, ಮನೆಯಲ್ಲಿ ಹೆಂಡತಿ ಏಳು ತಿಂಗಳ ಬಸುರಿ. ದಾಕ್ಷಾಯಣಿ ಅಂದು ಆಫೀಸಿಗೆ ಫೋನ್ ಮಾಡಿ ತಡವಾಗುತ್ತದೆ ಎಂದರು. ಸೋಮನಾಥರ ಜೊತೆ ಮನೆಗೆ ಹೋದರು, ಇಬ್ಬರನ್ನೂ ಕರೆದುಕೊಂಡೇ ಬಂದರು.

ವರದಿ ಬರುವವರೆಗಿನ ಮೂರು ದಿನ ಅಮ್ಮನಿಗೆ ಸರಿಯಾಗಿ ಊಟ ಸೇರಲಿಲ್ಲ ಎನ್ನುತ್ತಾಳೆ ಮಗಳು ರಕ್ಷಾ. ಸೋಮನಾಥರಿಗೆ ಹೆಪಟೈಟಿಸ್ ಬಿ ಇರುವುದು ಖಚಿತವಾಯಿತು. ಸದ್ಯಕ್ಕೆ ಮಾತ್ರೆ ಬೇಡ, ತಪ್ಪದೆ ತಪಾಸಣೆಗೆ ಬನ್ನಿ ಎಂದಿದ್ದಾರೆ ವೈದ್ಯರು. ಹೆಂಡತಿಗೆ ಸೋಂಕಿಲ್ಲ. ಅಂದೇ ಮೊದಲ ಲಸಿಕೆ ಹಾಕಿಸಿಕೊಂಡರು. ಎರಡು ತಿಂಗಳ ಮೇಲೆ ಹೆಣ್ಣು ಮಗು. ನಾಮಕರಣಕ್ಕೆ ಕರೆ ಬಂದಿತ್ತು. ದಾಕ್ಷಾಯಣಿ ಹೋಗಲಿಲ್ಲ. "ಯಾರು ಇವ್ರು ಅಂತ ನೆಂಟ್ರು ಕೇಳಿದ್ರೆ ಏನ್ ಹೇಳ್ತಾರೆ ಪಾಪ?"

ಇನ್ನೊಂದು ದಿನ ರಕ್ತನಿಧಿಯಲ್ಲಿ ದಾಕ್ಷಾಯಣಿಯವರನ್ನು, ನಿಮಗೇನು ಬೇಕು ಎಂದು ಕೇಳುತ್ತೇನೆ. ಪರದೆಯೊಂದನ್ನು ಎಳೆದುಕೊಂಡ ಮೂಲೆಯೇ ಅವರ ಕಚೇರಿ. ಆಚೆ ರಕ್ತ ಕೊಟ್ಟವರಿಗೆ ಜ್ಯೂಸು, ಬಿಸ್ಕತ್ತು ಹಂಚುತ್ತಿದ್ದಾರೆ, ಯಾರೋ ಸೆಲ್ಫಿಗೆ ನಗುತ್ತಿದ್ದಾರೆ.

"ಬಾಗಿಲಿರೋ ಒಂದು ರೂಮು," ಎನ್ನುತ್ತಾ ಬ್ಯಾಗನ್ನು ಹೆಗಲಿಗೇರಿಸುತ್ತಾರೆ. "ಬಂದೋರು ಅಳ್ಬೇಕು ಅನ್ಸಿದ್ರೆ ಅಳೋಕೆ."