ಮಗ್ಗದ ಮೇಲಿಟ್ಟ ಫೋನು

ಕಾಕಿ ಫೋನಿನ ಗಾಜಿನ ಮೇಲೆ ಬೆರಳು ತಿಕ್ಕುತ್ತಿದ್ದಳು. ಫೋನು ಕೇಳಲಿಲ್ಲ. ಬುದ್ಧಿ ಬಂದಾಗಿನಿಂದ ಮಗ್ಗದ ಎಳೆ ಹಿಡಿದೂ ಹಿಡಿದೂ ಅವಳ ಬೆರಳ ತುದಿ ಸವೆದು ಒಣ ತೊಗಲಾಗಿತ್ತು. ಆ ಬೆರಳು ಮುಟ್ಟಿದ್ದು ಫೋನಿಗೆ ಗೊತ್ತೇ ಆಗುತ್ತಿರಲಿಲ್ಲ. ಗೆಣ್ಣಿನಿಂದ ಕುಟ್ಟಿ ನೋಡಿದಳು. ಆಮೇಲೆ ಅದನ್ನು ನನ್ನ ಎದೆಗೆ ಎಸೆದಳು.

"ಇದನ್ನ ಬಂದ್ ಮಾಡು. ಇವತ್ತ ಒಂದ್ ದಿನ. ನಾ ಎಲ್ಲದೀನಿ ಅಂತ ಅವಗ ಕಾಣಬಾರದು."

"ಯಾರಿಗ್, ಕಾಕಿ?"

"ಯಾರಿಗ್ ಅಂತ ಕೇಳ್ತಾನ, ಏಳನೇತ್ತಾ ಫೇಲ್. ನನ್ನ ಹೊಟ್ಯಾಗ ಹುಟ್ಟಿದವಗ."

ಅವಳು ನನ್ನ ಸ್ವಂತ ಕಾಕಿ ಅಲ್ಲ. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ನಮ್ಮ ಪಕ್ಕದ ಮನೆ. ನಮ್ಮಪ್ಪ ಸತ್ತ ಮೇಲೆ ಅವ್ವ ಮುಶಿಗೇರಿಯಿಂದ ನನ್ನನ್ನು ಕಟ್ಟಿಕೊಂಡು ಬಂದಾಗ, ನೂಲು ಸುತ್ತುವ ಕೆಲಸ ಕೊಟ್ಟವಳು ಕಾಕಿ. ಕೊಡುವಾಗಲೂ "ಹೊಲದಾಗ ಬೆಳದ ಕೈ, ಎಳಿ ಹರೀತಿ, ನನಗ್ ಗೊತ್ತೈತಿ" ಎಂದು ಬೈದೇ ಕೊಟ್ಟಳು. ನಾನು ಸಾಲಿ ಬಿಟ್ಟಾಗ ಗೂಡ್ಸ್ ಗಾಡಿಯ ಮಾಲೀಕನ ಮುಂದೆ ನನ್ನನ್ನು ನಿಲ್ಲಿಸಿ, "ಇವಗ ತಲಿ ಇಲ್ರಿ. ಕೈಕಾಲು ಅದಾವ. ಇಟ್ಕೊಳ್ರಿ" ಎಂದಳು. ಇವತ್ತು ನಾನು ಉಣ್ಣುವ ಅನ್ನ ಆ ಮಾತಿನಿಂದ ಬಂದದ್ದು.

ಅವಳು ಕೆಟ್ಟ ಬಾಯಿಯ ಹೆಂಗಸು. ಬಾಯಿ ಅಷ್ಟೇ ಅಲ್ಲ. ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ನರಗುಂದಕ್ಕೆ ಹೋದ ದಿನ, ಕಾಕಿ ಅವಳ ಬಟ್ಟೆ ಎಲ್ಲ ಓಣಿಗೆ ಎಸೆದು, ಸತ್ತವರಿಗೆ ಮಾಡುವ ಹಾಗೆ ತಲೆಗೆ ನೀರು ಹಾಕಿಕೊಂಡಳು. ಮಗನಿಗೂ ಹಾಕಿಸಿದಳು. ನಾನು ಕಣ್ಣಾರೆ ನೋಡಿದ್ದೇನೆ. ಆ ಮಗ ರೋಣದಲ್ಲಿ ಸೀರೆ ಅಂಗಡಿ ಇಟ್ಟವನು. ಮುಂದಿನ ವಾರವೇ ಅವ್ವನಿಗೆ ಹೊಸ ಫೋನು ತಂದ. ಅವಳು ಎಲ್ಲಿದ್ದರೂ ತನ್ನ ಫೋನಿನ ನಕ್ಷೆಯಲ್ಲಿ ಒಂದು ಚುಕ್ಕಿ ಕಾಣುವ ಹಾಗೆ ಲೊಕೇಶನ್ ಹಚ್ಚಿದ. "ಅವ್ವಗ ಬಿಪಿ ಐತಿ, ಎಲ್ಯರ ಬಿದ್ದಗಿದ್ದಾಳು" ಎಂದು ಓಣಿಯವರಿಗೆಲ್ಲ ಹೇಳಿದ. ಓಣಿ ಹೊಗಳಿತು. ಅದು ನರಗುಂದದ ದಾರಿ ಕಾಯುವುದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು.

ಮಗಳನ್ನು ನೋಡಬೇಕು ಎಂದು ಕಾಕಿ ಒಂದು ದಿನವೂ ಬಾಯಿ ಬಿಟ್ಟು ಹೇಳಲಿಲ್ಲ. "ಆಕಿ ಹ್ಯಾಂಗ ಹಾಳಾಗ್ಯಾಳ ನೋಡಿ ಬರಬೇಕು, ಗಾಡಿ ತಗಿ" ಎಂದಳು.

ಅವಳು ಹೇಳಿದ ಹಾಗೆ ಲೊಕೇಶನ್ ಬಂದ್ ಮಾಡಿದೆ. ಊರು ದಾಟುವುದರೊಳಗೆ ಫೋನು ಬಂತು.

"ಅವ್ವಾ, ನಿನ್ನ ಚುಕ್ಕಿ ಹೋತಲ್ಲ. ಎಲ್ಲದಿ?"

"ಹೇಲಾಕ ಬಂದೀನಿ. ಅದನ್ನೂ ನೋಡಾವೇನು?"

ಗಾಡಿ ತಿರುಗಿಸಿದೆವು. ಮನೆ ಮುಂದೆ ಇಳಿಯುವಾಗ ಹೇಳಿದಳು: "ಕಾಣದಂಗ ಮಾಡಿದ್ರ ಹುಡುಕ್ತಾನ. ಕಾಣುವಂಗ ಇಟ್ರ ಸುಮ್ನಿರ್ತಾನ."

ಅವತ್ತಿನಿಂದ ಫೋನು ಮಗ್ಗದ ಮೇಲೆಯೇ ಉಳಿಯಿತು. ಕಾಕಿ ನನ್ನ ಗಾಡಿಯಲ್ಲಿ ನರಗುಂದಕ್ಕೆ, ಚುಕ್ಕಿ ಗಜೇಂದ್ರಗಡದಲ್ಲಿ. ಮಗ್ಗದಲ್ಲಿ ಅವಳ ಬದಲು ನಮ್ಮವ್ವ. ಕಾಕಿ ನೇಯುವಾಗ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಮಗನ ಫೋನು ಬಂದರೆ ಗೆಣ್ಣಿನಿಂದ ಹೇಗೋ ಎತ್ತಿ, ಪಕ್ಕಕ್ಕಿಟ್ಟು ಲಾಳಿ ಹೊಡೆಯುತ್ತಲೇ ಇರುತ್ತಿದ್ದಳು. ಅವ್ವನೂ ಹಾಗೇ ಮಾಡಿದಳು. ಮಗ ಮಗ್ಗದ ಸದ್ದು ಕೇಳಿ, "ನೇಯಾಕತ್ತಿಯಾ? ಆತು, ನೇಯಿ" ಎಂದು ಇಡುತ್ತಿದ್ದ. ಅವ್ವ ನೇಯ್ದದ್ದನ್ನೆಲ್ಲ ಕಾಕಿ ಮರುದಿನ ಬಿಚ್ಚಿ, ಬೈದು, ಮತ್ತೆ ನೇಯುತ್ತಿದ್ದಳು.

ನರಗುಂದಕ್ಕೆ ಹೋಗುವ ದಾರಿ ರೋಣದ ಪ್ಯಾಟಿಯೊಳಗಿಂದ. ಮಗನ ಅಂಗಡಿ ಬರುವ ಮುಂಚೆ ಕಾಕಿ ಹಿಂದೆ ಕಡಲೆ ಚೀಲಗಳ ನಡುವೆ ಮಲಗಿ ತಾಡಪತ್ರಿ ಹೊದ್ದುಕೊಳ್ಳುತ್ತಿದ್ದಳು. ಊರು ದಾಟಿದ ಮೇಲೆ ಒಳಗಿಂದ ಒದೆಯುತ್ತಿದ್ದಳು. ಎಬ್ಬಿಸಿದರೆ ಮೈತುಂಬ ಹೊಟ್ಟು.

ಮಗಳ ಮನೆಯಲ್ಲಿ ಅವಳು ಹೊಸ್ತಿಲ ಹೊರಗೇ ನಿಲ್ಲುತ್ತಿದ್ದಳು. ನೀರು ಕುಡಿಯುತ್ತಿರಲಿಲ್ಲ. ರೊಟ್ಟಿ, ಶೇಂಗಾ ಹಿಂಡಿಯ ಗಂಟನ್ನು ಕಟ್ಟೆಯ ಮೇಲೆ ಇಟ್ಟು ಶುರು ಮಾಡುತ್ತಿದ್ದಳು.

"ಬಡಕಲಾಗೀಯಲ್ಲ. ಚಲೋ ಆತು."

"ಬೈಯೋದು ಮುಗದಿದ್ರ ಒಳಗ ಬಾ, ಅವ್ವ."

"ನಿನಗ ನೀರು ಬಿಟ್ಟೀನಿ ನಾ. ಸತ್ತಾಕಿ ಮನ್ಯಾಗ ಏನೈತಿ ನಂದು?"

ಮಗಳು ನಗುತ್ತಿದ್ದಳು. ಕಾಕಿ ನಗುತ್ತಿರಲಿಲ್ಲ. ಅಷ್ಟೇ, ತಿರುಗಿ ಬರುತ್ತಿದ್ದೆವು. ಅಷ್ಟಕ್ಕಾಗಿ ಹೊಟ್ಟಿನಲ್ಲಿ ಮಲಗುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಅವಳ ಅಳಿಯ ನನಗೆ ಫೋನು ಮಾಡಿದ. ಮಗಳಿಗೆ ಹೆರಿಗೆ ಬ್ಯಾನಿ ಶುರುವಾಗಿದೆ, ದವಾಖಾನಿಗೆ ಸೇರಿಸಿದ್ದೇನೆ ಎಂದ. ಅವತ್ತು ಅಮಾವಾಸ್ಯೆ. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ದೇವಿಯ ಪೂಜೆ ಮಾಡಿ ಬಿಡುತ್ತಾರೆ. ಓಣಿ ಸತ್ತ ಹಾಗೆ ಇರುತ್ತದೆ.

"ಮಗ್ಗ ಹತ್ತು" ಎಂದಳು ಕಾಕಿ ನಮ್ಮವ್ವನಿಗೆ.

"ಅಮಾಸಿ ಐತ್ರಿ, ಅಕ್ಕಾರ. ದೇವಿ ಸುಮ್ನ ಬಿಡ್ತಾಳೇನ್ರಿ?"

"ಪಾಪ ನನಗ ಹತ್ತಲಿ. ನೀ ಬಡಿ."

ಇಬ್ಬರೂ ದೇವಿಯ ಬಗ್ಗೆಯೇ ಯೋಚಿಸಿದರು. ನಾನು ಯಾವುದರ ಬಗ್ಗೆಯೂ ಯೋಚಿಸಲಿಲ್ಲ, ಗಾಡಿ ತೆಗೆದೆ.

ದವಾಖಾನಿಯಲ್ಲಿ ಕಾಕಿ ಬಾಗಿಲಲ್ಲಿ ನಿಲ್ಲಲಿಲ್ಲ. "ಇದೇನು ಆಕಿ ಮನಿ ಅಲ್ಲ" ಎಂದು ಸೀದಾ ಒಳಗೆ ಹೋದಳು. ಹೆಣ್ಣು ಹುಟ್ಟಿತ್ತು. ಎತ್ತಿಕೊಳ್ಳಲಿಲ್ಲ. ಕೂಸಿನ ಮುಷ್ಟಿ ಬಿಡಿಸಿ ಬೆರಳು ನೋಡಿದಳು. "ಭಾಳ ಮೆತ್ತಗ ಅದಾವ. ಯಾತಕ್ಕೂ ಬರೂದಿಲ್ಲ" ಎಂದಳು. ಆದರೆ ಆ ಬೆರಳು ಬಿಡಲು ಹೊತ್ತು ಹಿಡಿಯಿತು.

ಸಂಜಿ ತಿರುಗಿ ಬಂದೆವು. ಓಣಿಯ ತುದಿಯಲ್ಲೇ ಮಗ್ಗದ ಸದ್ದು ಕೇಳಿತು. ಇಡೀ ಓಣಿಯಲ್ಲಿ ಒಂದೇ ಮಗ್ಗ. "ನಿನ್ನವ್ವ ಇನ್ನೂ ಬಡಿಯಾಕತ್ತಾಳ ನೋಡು, ಹುಚ್ಚ ಕತ್ತಿ" ಎಂದಳು ಕಾಕಿ. ಅವಳು ಖುಷಿಯಾಗಿದ್ದಳು. ಒಳಗೆ ಹೋದೆವು.

ಮಗ ಗ್ವಾಡಿಗೆ ಒರಗಿ ಕುಳಿತಿದ್ದ. ಮಧ್ಯಾಹ್ನ ರೋಣದಿಂದ ಫೋನು ಮಾಡಿದ್ದನಂತೆ. ಅಮಾವಾಸ್ಯೆಯ ದಿನ ತನ್ನ ಅವ್ವನ ಮನೆಯಲ್ಲಿ ಮಗ್ಗದ ಸದ್ದು. ಬೈಕು ಹತ್ತಿ ಬಂದವನು ನಮ್ಮವ್ವನನ್ನು ನೋಡಿ ಒಂದೇ ಮಾತು ಹೇಳಿದನಂತೆ: "ಅವ್ವ ಬರೋತನಕ ಬಡಿತಿರು." ಅವಳು ಬಡಿಯುತ್ತಲೇ ಇದ್ದಳು. ಹುಟ್ಟಾ ನೇಕಾರಳಲ್ಲ, ಅಂಗೈ ಹರಿದು ಮಗ್ಗದ ಸೀರೆಗೆ ರಕ್ತ ಹತ್ತಿತ್ತು.

"ಸಾಕು, ಏಳು" ಎಂದ ಅವಳಿಗೆ. ಆಮೇಲೆ ಕಾಕಿಯ ಕಡೆ ತಿರುಗಿದ. "ಎಲ್ಲಿಗ್ ಹೋಗಿದ್ದಿ?"

"ನಿನ್ನ ತಂಗಿ ಹಡದಾಳ. ಹೆಣ್ಣು."

"ನನಗ ತಂಗಿ ಇಲ್ಲ. ನೀನ ನನ್ನ ತಲಿಗಿ ನೀರು ಹಾಕಿದಿ."



ಅವನು ಕತ್ತರಿ ತೆಗೆದುಕೊಂಡು ಮಗ್ಗದ ಮೇಲೆ ಬಿಗಿದಿದ್ದ ಉದ್ದೆಳೆಗಳ ಹಾಸನ್ನು ಕತ್ತರಿಸತೊಡಗಿದ. ಸಾವಿರಾರು ಎಳೆ. ಅದೂ ನೇಕಾರರ ಮಗನೇ ಕತ್ತರಿಸುವುದು. ಕತ್ತರಿ ಕಚ್ಚುತ್ತಿರಲಿಲ್ಲ, ಎಳೆ ಜಾರುತ್ತಿದ್ದವು. ಕಾಕಿ ನಿಂತು ನೋಡಿದಳು. "ಅದು ಮೊಂಡ ಐತಿ. ಗೂಟಕ್ಕ ಇನ್ನೊಂದೈತಿ ನೋಡು, ಹರಿತ" ಎಂದಳು. ಅವನು ಅದನ್ನೂ ತೆಗೆದುಕೊಂಡ.

ಮರುದಿನ ಅವಳನ್ನು ರೋಣಕ್ಕೆ ಕರೆದುಕೊಂಡು ಹೋದ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಮಣ್ಣು ತುಂಬಿಸಿದ. ಆ ಮಣ್ಣು ತಂದು ಸುರಿದದ್ದು ನಮ್ಮ ಮಾಲೀಕನ ಗಾಡಿ, ನಡೆಸಿದವನು ನಾನು. ಫೋನು ಕಸಿದುಕೊಂಡ. ಇನ್ನು ಚುಕ್ಕಿ ಬೇಕಿರಲಿಲ್ಲ, ಅಲ್ಲಿ ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು.

ಒಂದು ಸಲ ಅವರ ಓಣಿಗೆ ಲೋಡು ಇಳಿಸಲು ಹೋದಾಗ ಹಿತ್ತಲ ಕಿಟಕಿಯಲ್ಲಿ ಸಿಕ್ಕಳು. ದೇಹ ಇಳಿದಿತ್ತು. ಕೈಗಳು ಸುಮ್ಮನಿರದೆ ಸೆರಗಿನ ಅಂಚು ಬಿಚ್ಚುತ್ತಿದ್ದವು.

"ನಿನ್ನವ್ವನ ಕೈಗಾಯ ಮಾದಾವೇನು?"

"ಮಾದಾವು."

"ಆಕಿಗ್ ಹೇಳು, ಆಕಿ ನೇಯ್ದದ್ದು ಭಾಳ ಸಡ್ಲ ಇತ್ತು ಅಂತ."

"ಅಕ್ಕಗ ಏನರ ಹೇಳ್ಲೇನು ಕಾಕಿ? ನಾಳೆ ನರಗುಂದಕ್ಕ ಹೊಂಟೀನಿ."

ನನ್ನ ಮುಖ ನೋಡಿದಳು. ಕಿಟಕಿ ಹಾಕಿಕೊಂಡಳು.

ಬಿಳಿಜೋಳ ಬಿತ್ತುವ ದಿನಗಳಲ್ಲಿ ಕಾಕಿ ಸತ್ತಳು. ಮಗ ತಂಗಿಗೆ ತಿಳಿಸಲಿಲ್ಲ. ನಾನು ಹೋಗಿ ಕರೆತಂದೆ. ಬಾಗಿಲಲ್ಲಿ ಅವನು ಕೈ ಅಡ್ಡ ಹಿಡಿದ. "ಸತ್ತಾಕಿ ಮಣ್ಣಿಗೆ ಬರೂದಿಲ್ಲ" ಎಂದ. ಅವಳು ಕೂಸು ಎತ್ತಿಕೊಂಡು ಎದುರಿನ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ನಿಂತಳು. ಹೆಣ ಅವಳ ಮುಂದೆಯೇ ಹೋಯಿತು. ಮುಖ ಹೂವಿನಲ್ಲಿ ಮುಚ್ಚಿಹೋಗಿತ್ತು. ಕಾಲು ಕಂಡಿತು.

ತಿರುಗಿ ಹೋಗುವಾಗ ಗಾಡಿಯಲ್ಲಿ ಕೇಳಿದಳು. "ಅವ್ವ ನನಗ ಏನರ ಹೇಳಿದ್ಲೇನು?"

"ಇಲ್ಲ."

"ಕೂಸಿನ ಬಗ್ಗೆ?"

"ಏನೂ ಹೇಳ್ಲಿಲ್ಲ, ಅಕ್ಕ."

ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಕಾಕಿ ನನ್ನನ್ನು ಬೆಳೆಸಿದ್ದು ಹೀಗೆ, ಒಂದು ಸಿಹಿ ಮಾತೂ ಹೇಳದೆ. ಮುಗಿಯಿತು, ನನ್ನ ಹತ್ತಿರ ಇನ್ನೇನೂ ಇಲ್ಲ.